ನಿಂತ ವಿಮಾನಕ್ಕೆ ಬಿದ್ದ ಗುದ್ದು

ಆರನೇ ಸಾಲು, ಬಲಗಡೆಯ ಕಿಟಕಿ ಸೀಟು. ಮೊಬೈಲ್ ಆಫ್ ಮಾಡುವ ಮೊದಲು ಮನೆಗೆ ಕೊನೆಯ ಮೆಸೇಜು ಹಾಕುತ್ತಿದ್ದೆ. ಕಾಲಡಿಯಿಂದ ದಡ್ ಎಂದು ಸದ್ದು ಬಂತು. ದೊಡ್ಡ ಸದ್ದೇನಲ್ಲ, ಪಕ್ಕದ ಮನೆಯಲ್ಲಿ ಯಾರೋ ಒನಕೆ ಕೆಳಗಿಟ್ಟ ಹಾಗೆ. ಸೀಟು ಒಮ್ಮೆ ಅಲುಗಿತು, ಅಷ್ಟೆ. ಕಿಟಕಿಗೆ ಹಣೆ ಒತ್ತಿ ನೋಡಿದರೆ ಲಗೇಜು ತುಂಬುವ ಬೆಲ್ಟ್ ಲೋಡರಿನ ಮೂತಿ ಹಿಂದಕ್ಕೆ ಸರಿಯುತ್ತಿತ್ತು. ಹಸಿರು ಜಾಕೆಟ್ಟಿನ ಹುಡುಗನೊಬ್ಬ ಕತ್ತೆತ್ತಿ ಕಾರ್ಗೋ ಬಾಗಿಲಿನ ಕಡೆಗೇ ನೋಡುತ್ತಾ ನಿಂತಿದ್ದ. ಆಮೇಲೆ ಓಡಿದ. ಐದು ನಿಮಿಷಕ್ಕೆ ಅಲ್ಲಿ ನಾಲ್ಕು ಜನ, ಹದಿನೈದು ನಿಮಿಷಕ್ಕೆ ಹತ್ತು ಜನ. ಒಬ್ಬರ ಕೈಯಲ್ಲಿ ಟಾರ್ಚು, ಇನ್ನೊಬ್ಬರ ಕೈಯಲ್ಲಿ ಸ್ಟೀಲ್ ಸ್ಕೇಲು.

ಸ್ವಲ್ಪ ಹೊತ್ತಿಗೆ ಎಲ್ಲರನ್ನೂ ಇಳಿಸಿದರು. ನಾಲ್ಕು ಗಂಟೆ ಕಾದೆವು. ಯಾವ ನಿಲ್ದಾಣ, ಯಾವ ಕಂಪನಿ ಎಂಬುದು ಇಲ್ಲಿ ಬೇಡ. ನಮ್ಮ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವೇ ಇಲ್ಲದ್ದರಿಂದ ಕೊಡಗಿನವರು ಕಣ್ಣೂರು, ಮಂಗಳೂರು, ಮೈಸೂರು, ಬೆಂಗಳೂರು ಅಂತ ಯಾವ ದಿಕ್ಕಿಗಾದರೂ ಘಟ್ಟ ಇಳಿಯುವವರು. ಕಾಯುವ ಸಾಲಿನಲ್ಲಿ ನಾಪೋಕ್ಲು ಕಡೆಯ ಹಿರಿಯರೊಬ್ಬರು ಸಿಕ್ಕಿದರು. ‘ಒಂದು ಗೀರಿಗೆ ಇಷ್ಟೆಲ್ಲಾ ನಾಟಕವಾ? ನಮ್ಮ ತೋಟದ ಪಿಕಪ್ ನೋಡಿದ್ರೆ ಇವ್ರು ಸೀದಾ ಗುಜರಿಗೇ ಹಾಕ್ತಾರೆ’ ಅಂದರು. ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆ. ಆದರೆ ಪಿಕಪ್ಪಿನ ತಗಡಿಗೂ ವಿಮಾನದ ಚರ್ಮಕ್ಕೂ ಇರುವ ವ್ಯತ್ಯಾಸ ನಗುವಂಥದ್ದಲ್ಲ.

ಪಿಕಪ್ಪಿನ ಬಾಡಿ ಮಳೆ, ಧೂಳು ತಡೆಯುವುದಕ್ಕೆ ಇರುವುದು. ಅದು ನೆಗ್ಗಿದರೆ ಗಾಡಿಯ ಚಂದ ಹೋಗುತ್ತದೆ, ಓಟ ಹೋಗುವುದಿಲ್ಲ. ವಿಮಾನದಲ್ಲಿ ಹೊರಗಿನ ಅಲ್ಯೂಮಿನಿಯಂ ಹಾಳೆಯೇ ಭಾರ ಹೊರುವ ಅಂಗ. ಬೋಯಿಂಗ್ 737ರಂಥ ವಿಮಾನದಲ್ಲಿ ಅದರ ದಪ್ಪ ಬಹುತೇಕ ಕಡೆ ಸುಮಾರು 1 ಮಿಲಿಮೀಟರ್. ಒಂದು ಎಟಿಎಂ ಕಾರ್ಡಿಗಿಂತ ದಪ್ಪ, ಎರಡು ಕಾರ್ಡು ಜೋಡಿಸಿದರೆ ಅದಕ್ಕಿಂತ ತೆಳು. ಮೇಲೆ ಹೋದಂತೆ ಹೊರಗಿನ ಗಾಳಿ ತೆಳುವಾಗುತ್ತದೆ, ಒಳಗೆ ನಾವು ಉಸಿರಾಡಲೆಂದು ಗಾಳಿ ತುಂಬಿ ಒತ್ತಡ ಕಾಯ್ದುಕೊಳ್ಳುತ್ತಾರೆ. ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸ ಚದರ ಇಂಚಿಗೆ 8 ಪೌಂಡಿನ ಆಸುಪಾಸು. ಇದನ್ನು ನಮ್ಮ ಲೆಕ್ಕಕ್ಕೆ ತಂದರೆ, ಒಂದು ಚದರ ಮೀಟರಿನಷ್ಟು ಗೋಡೆಯ ಮೇಲೆ ಐದೂವರೆ ಟನ್. 50 ಕಿಲೋದ ಕಾಫಿ ಚೀಲ ಸುಮಾರು 110. ಕಣದಿಂದ ಎತ್ತಿದ ಅಷ್ಟೂ ಚೀಲಗಳನ್ನು ಊಟದ ಮೇಜಿನಷ್ಟು ಜಾಗದ ಮೇಲೆ ಒಟ್ಟಿ, ವಿಮಾನ ಇಳಿದಾಗ ಎಲ್ಲವನ್ನೂ ತೆಗೆದು, ಮುಂದಿನ ಹಾರಾಟಕ್ಕೆ ಮತ್ತೆ ಒಟ್ಟಿದ ಹಾಗೆ. ಕಡಿಮೆ ದೂರದ ಮಾರ್ಗದ ವಿಮಾನಕ್ಕೆ ಇದು ದಿನಕ್ಕೆ ಐದಾರು ಸಲ ನಡೆಯುತ್ತದೆ, ಇಪ್ಪತ್ತು ವರ್ಷ ನಡೆಯುತ್ತದೆ.

ನಯವಾದ ಹಾಳೆ ಈ ಉಬ್ಬುವ, ಕುಗ್ಗುವ ಆಟವನ್ನು ತಡೆದುಕೊಳ್ಳುತ್ತದೆ. ಮಡಿಕೆ ಬಿದ್ದ ಹಾಳೆ ತಡೆದುಕೊಳ್ಳುವುದಿಲ್ಲ. ತಂತಿಯನ್ನು ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಆ ಬಗೆ. ಆದ್ದರಿಂದಲೇ ವಿಮಾನ ತಯಾರಕರು ದಪ್ಪನೆಯ ರಿಪೇರಿ ಕೈಪಿಡಿ ಕೊಟ್ಟಿರುತ್ತಾರೆ. ತಗ್ಗಿನ ಆಳವೆಷ್ಟು, ಅಗಲವೆಷ್ಟು, ಬದಿಯ ರಿವೆಟ್ ಸಾಲಿಗೆ ಎಷ್ಟು ದೂರ, ಬೋಗುಣಿಯ ಹಾಗೆ ನಯವಾಗಿದೆಯೋ ಅಥವಾ ಏಣು ಮೂಡಿದೆಯೋ ಎಂಬುದನ್ನೆಲ್ಲಾ ಅಳೆದು ಅದರಲ್ಲಿರುವ ಮಿತಿಗೆ ಹೋಲಿಸಬೇಕು. ಪ್ರತಿ ವಿಮಾನಕ್ಕೂ ಅದರ ತಗ್ಗುಗಳ ಜಾತಕ ಇರುತ್ತದೆ, ‘ಡೆಂಟ್ ಅಂಡ್ ಬಕಲ್ ಚಾರ್ಟ್’ ಎನ್ನುತ್ತಾರೆ. ಕಣ್ಣಿಗೆ ಬಿದ್ದ ತಗ್ಗು ಹಳೆಯದೋ ಹೊಸದೋ ಎಂದು ಇಂಜಿನಿಯರು ಮೊದಲು ನೋಡುವುದು ಅದರಲ್ಲೇ. ಕಾರ್ಗೋ ಬಾಗಿಲಿನ ಚೌಕಟ್ಟಿನ ಹತ್ತಿರ ಬಿದ್ದಿದ್ದರೆ ಇನ್ನೂ ಕಟ್ಟುನಿಟ್ಟು, ಏಕೆಂದರೆ ಗೋಡೆಯಲ್ಲಿ ತೂತು ಕೊರೆದ ಜಾಗದಲ್ಲೇ ಒತ್ತಡ ಬಂದು ಸೇರುತ್ತದೆ. ಆ ನಾಲ್ಕು ಗಂಟೆ ಹೋದದ್ದು ಈ ಲೆಕ್ಕಕ್ಕೆ.

ಲೆಕ್ಕ ಹಾಕದೆ ಹೊರಟರೆ ಏನಾಗುತ್ತದೆ ಎನ್ನುವುದಕ್ಕೆ 2005ರ ಡಿಸೆಂಬರ್ 26 ಸಾಕ್ಷಿ. ಅಮೆರಿಕದ ಸಿಯಾಟಲ್‌ನಿಂದ ಬರ್ಬ್ಯಾಂಕ್‌ಗೆ ಹೊರಟ ಅಲಾಸ್ಕಾ ಏರ್‌ಲೈನ್ಸ್ 536, ಎಂಡಿ-83 ವಿಮಾನ. ನೆಲ ಬಿಟ್ಟು ಸುಮಾರು ಇಪ್ಪತ್ತು ನಿಮಿಷಕ್ಕೆ, 26 ಸಾವಿರ ಅಡಿ ಎತ್ತರದಲ್ಲಿ ದೊಡ್ಡ ಸದ್ದಾಗಿ ಕ್ಯಾಬಿನ್ನಿನ ಒತ್ತಡ ಹೋಯಿತು, ಆಕ್ಸಿಜನ್ ಮಾಸ್ಕುಗಳು ಬಿದ್ದವು. ಪೈಲಟ್‌ಗಳು ಬೇಗನೆ ಕೆಳಗಿಳಿಸಿ ಸಿಯಾಟಲ್‌ಗೆ ವಾಪಸ್ ತಂದರು, ಯಾರಿಗೂ ಏನೂ ಆಗಲಿಲ್ಲ. ನೋಡಿದರೆ ಬಲಬದಿಯಲ್ಲಿ ಒಂದು ಅಡಿ ಉದ್ದ, ಅರ್ಧ ಅಡಿ ಅಗಲದ ತೂತು. ತನಿಖೆಯಲ್ಲಿ ತಿಳಿದದ್ದು ಇಷ್ಟು: ಗೇಟಿನಲ್ಲಿ ನಿಂತಿದ್ದಾಗ ರಾಂಪ್, ಅಂದರೆ ವಿಮಾನ ನಿಲ್ಲುವ ಅಂಗಳದ, ಕೆಲಸಗಾರನೊಬ್ಬ ಓಡಿಸುತ್ತಿದ್ದ ವಾಹನ ವಿಮಾನಕ್ಕೆ ತಾಗಿ ಮಡಿಕೆ ಬಿದ್ದಿತ್ತು. ಅವನು ಆಗ ಯಾರಿಗೂ ಹೇಳಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಕಂಪನಿ ಸಿಯಾಟಲ್‌ನಲ್ಲಿ ತನ್ನದೇ ನೂರಾರು ಲಗೇಜು ಸಿಬ್ಬಂದಿಯನ್ನು ತೆಗೆದು ಆ ಕೆಲಸವನ್ನು ಹೊರಗುತ್ತಿಗೆಗೆ ಕೊಟ್ಟಿತ್ತು. ಗುತ್ತಿಗೆಯಿಂದಲೇ ತೂತು ಬಿತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ಈ ಕಥೆಯಲ್ಲಿ ಎಲ್ಲರೂ ತೂತನ್ನು ನೆನಪಿಡುತ್ತಾರೆ, ನನಗೆ ಮುಖ್ಯ ಅನ್ನಿಸುವುದು ಆ ‘ಹೇಳಲಿಲ್ಲ’.

ಯಾಕೆ ಹೇಳಲಿಲ್ಲ ಎಂಬುದು ತೋಟ ನಡೆಸುವವರಿಗೆ ಗೊತ್ತಿರಬೇಕು. ಕಾಫಿ ಕೊಯ್ಲಿನ ಸಮಯದಲ್ಲಿ ಕಣದ ಹತ್ತಿರ ಗಾಡಿ ರಿವರ್ಸ್ ತೆಗೆಯುವುದನ್ನು ನೋಡಿ. ಹಿಂದೆ ಒಬ್ಬ ನಿಂತು ತಗಡು ತಟ್ಟುತ್ತಾ ‘ಬರ್ಲಿ, ಬರ್ಲಿ, ರೈಟ್ ಕೊಡು, ಹೋಲ್ಡಾನ್’ ಅನ್ನಬೇಕು. ಸಂಜೆಯಾಗಿ ಆಳುಗಳೆಲ್ಲ ಲೈನ್ ಮನೆಗೆ ಹೊರಟ ಮೇಲೆ ತಟ್ಟುವವನೂ ಇರುವುದಿಲ್ಲ. ಗಾಡಿ ಗೋಡೌನಿನ ಕಂಬಕ್ಕೆ ತಾಗುತ್ತದೆ. ಮಾರನೇ ದಿನ ತೋಟದ ಲೆಕ್ಕ ನೋಡುವ ರೈಟರು ಕೇಳಿದರೆ ‘ಮೊದ್ಲಿಂದ್ಲೂ ಇತ್ತು ಸಾರ್’. ಸಂಬಳದಲ್ಲಿ ಹಿಡಿಯುವ ಸಾಹುಕಾರರ ತೋಟದಲ್ಲಿ ಎಲ್ಲಾ ತಗ್ಗುಗಳೂ ಮೊದಲಿನಿಂದಲೇ ಇರುತ್ತವೆ. ನಮ್ಮ ತೋಟದಲ್ಲೂ ಎಷ್ಟೋ ವರ್ಷ ಹಾಗೇ ಇತ್ತು, ಹಿಡಿಯುತ್ತಿದ್ದವನು ನಾನೇ.

ಏಪ್ರನ್ ಮೇಲೆ, ಅಂದರೆ ವಿಮಾನ ನಿಲ್ಲಿಸುವ ಆ ಕಾಂಕ್ರೀಟ್ ಅಂಗಳದಲ್ಲಿ, ಇದೇ ಲೆಕ್ಕ ಗಡಿಯಾರದ ಕೆಳಗೆ ನಡೆಯುತ್ತದೆ. ಕಡಿಮೆ ದರದ ಕಂಪನಿಯ ವಿಮಾನ ಬಂದು ನಿಂತು ಮತ್ತೆ ಹೊರಡುವುದಕ್ಕೆ ಇಟ್ಟಿರುವ ಸಮಯ ಅರ್ಧ ಗಂಟೆಯ ಆಸುಪಾಸು. ಅಷ್ಟರಲ್ಲಿ ಚಕ್ರಕ್ಕೆ ಅಡ್ಡಗಟ್ಟೆ ಬೀಳಬೇಕು, ರೆಕ್ಕೆಯ ತುದಿಗೆ ಕೋನ್ ಇಡಬೇಕು, ಇಂಜಿನ್ ನಿಂತು ಹೊಟ್ಟೆಯ ಕೆಳಗಿನ ಕೆಂಪು ದೀಪ ಆರುವವರೆಗೆ ಯಾರೂ ಹತ್ತಿರ ಹೋಗಬಾರದು. ಆಮೇಲೆ ಏಣಿ, ಬೆಲ್ಟ್ ಲೋಡರು, ಲಗೇಜು ಟ್ರಾಲಿಯ ರೈಲು, ಇಂಧನದ ಗಾಡಿ, ಊಟದ ಲಾರಿ, ನೀರಿನ ಗಾಡಿ, ಶೌಚದ ಗಾಡಿ, ಕೊನೆಗೆ ಹಿಂದಕ್ಕೆ ತಳ್ಳುವ ಟಗ್. ಒಂದೊಂದೂ ಬೇರೆ ಕಂಪನಿಯದ್ದು, ಕೆಲವೊಮ್ಮೆ ಬೇರೆ ಭಾಷೆಯ ಡ್ರೈವರು. ಗೋಣಿಕೊಪ್ಪಲು ಸಂತೆಯ ದಿನ ಬಸ್ ಸ್ಟ್ಯಾಂಡಿನ ಒಳಗೆ ಗಾಡಿ ತಿರುಗಿಸಿದವರಿಗೆ ಈ ಚಿತ್ರ ಬೇಗ ಹಿಡಿಯುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ನಡುವೆ ನಿಂತಿರುವುದು ನೂರಾರು ಕೋಟಿ ರೂಪಾಯಿಯ, ಕಾರ್ಡಿನ ದಪ್ಪದ ಚರ್ಮದ ಪ್ರಾಣಿ.

ಆ ಪ್ರಾಣಿ ನಿಂತಲ್ಲೇ ಅಲುಗಾಡುತ್ತದೆ ಎನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. 180 ಜನ ಮತ್ತು ಅವರ ಲಗೇಜು ಅಂದರೆ ಹದಿನೈದು ಟನ್ನಿಗೂ ಮೇಲೆ. ಅದು ಇಳಿದಂತೆ ವಿಮಾನ ತನ್ನ ಕಾಲಿನ ಶಾಕ್ ಅಬ್ಸಾರ್ಬರ್ ಮೇಲೆ ಮೇಲಕ್ಕೇಳುತ್ತದೆ, ತುಂಬಿದಂತೆ, ಇಂಧನ ಹಾಕಿದಂತೆ ಕೆಳಗೆ ಕೂರುತ್ತದೆ. ತೆರೆದ ಬಾಗಿಲಿನ ತಳ, ನಾವು ಒಳಗೆ ನಡೆದು ಬರುವ ಏರೋಬ್ರಿಜ್ಜಿನ ನೆಲದಿಂದ ಕೆಲವೇ ಇಂಚು ಮೇಲಿರುತ್ತದೆ. ವಿಮಾನ ಇಳಿದು ಬ್ರಿಜ್ಜು ಇಳಿಯದಿದ್ದರೆ ಬಾಗಿಲು ಬ್ರಿಜ್ಜಿನ ಮೇಲೆ ಕೂತು ಕೀಲು ಕಿತ್ತು ಬರುತ್ತದೆ. ಆದ್ದರಿಂದ ಬಾಗಿಲ ಕೆಳಗೆ ಸೆನ್ಸರ್ ಇಟ್ಟಿರುತ್ತಾರೆ, ಬ್ರಿಜ್ಜಿಗೆ ವಿಮಾನದ ಬದಿಗೆ ಒತ್ತಿಕೊಂಡು ತಿರುಗುವ ಪುಟ್ಟ ಚಕ್ರವಿರುತ್ತದೆ, ವಿಮಾನ ಎಷ್ಟು ಕುಸಿಯಿತೋ ಅಷ್ಟು ಬ್ರಿಜ್ಜನ್ನೂ ಅದು ಇಳಿಸುತ್ತದೆ. ಮುಂದಿನ ಸಲ ಬ್ರಿಜ್ಜಿನಿಂದ ಒಳಗೆ ಕಾಲಿಡುವಾಗ ಎಡಬಲ ನೋಡಿ, ಕಾಣುತ್ತದೆ. ಬೆಲ್ಟ್ ಲೋಡರಿಗೆ ಬಹುತೇಕ ಕಡೆ ಇಂಥ ಬುದ್ಧಿಯಿಲ್ಲ, ಇರುವುದು ಮೂತಿಗೆ ಒಂದು ರಬ್ಬರ್ ಬಂಪರು. ಬಾಗಿಲ ಕೆಳಗೆ ಅದರ ಮೂತಿಯಿದ್ದು, ವಿಮಾನ ಭಾರಕ್ಕೆ ಕುಸಿದರೂ ಸಾಕು, ಯಾರೂ ಗುದ್ದದೆಯೇ ಗುದ್ದು ಬೀಳುತ್ತದೆ.

ಅಂತರರಾಷ್ಟ್ರೀಯ ವಿಮಾನಯಾನ ಕಂಪನಿಗಳ ಒಕ್ಕೂಟವಾದ ಐಯಾಟಾ 2022ರಲ್ಲಿ ಲೆಕ್ಕ ಹಾಕಿ ಹೇಳಿದ್ದು ಇದನ್ನೇ. ಗುದ್ದು ಬೀಳುವುದು ಹೆಚ್ಚಾಗಿ ನಿಂತ ವಿಮಾನಕ್ಕೆ. ಬೆಲ್ಟ್ ಲೋಡರು, ಕಾರ್ಗೋ ಲೋಡರು, ಏಣಿ, ಏರೋಬ್ರಿಜ್ಜು, ಈ ನಾಲ್ಕೇ ಸೇರಿ 2017ರಿಂದೀಚಿನ ಘಟನೆಗಳಲ್ಲಿ 40 ಶೇಕಡಾ. ವರ್ಷಕ್ಕೆ 5 ಬಿಲಿಯನ್ ಡಾಲರಿನ ಆಸುಪಾಸಿದ್ದ ನಷ್ಟ ಹೀಗೇ ಬಿಟ್ಟರೆ 2035ಕ್ಕೆ 10 ಬಿಲಿಯನ್ ಸಮೀಪಿಸುತ್ತದೆ. ಈ ನಾಲ್ಕು ಯಂತ್ರಗಳಲ್ಲಿ ಮುಕ್ಕಾಲು ಪಾಲಿಗೆ, ಹತ್ತಿರ ಬಂದಾಗ ತಾನೇ ನಿಧಾನವಾಗುವ, ತಾಗುವ ಮೊದಲು ನಿಲ್ಲುವ ಸೆನ್ಸರ್ ಬಂದರೆ ಹಾರಾಟವೊಂದಕ್ಕೆ ಬೀಳುವ ಈ ಖರ್ಚು 42 ಶೇಕಡಾ ಇಳಿಯುತ್ತದೆ. ಹೊಸ ಕಾರಿನಲ್ಲಿ ಹಿಂದೆ ಕೋಳಿ ಬಂದರೂ ಪೀಂ ಪೀಂ ಅನ್ನುವ ಕಾಲದಲ್ಲಿ ಇದು ಮಹಾ ಸಂಶೋಧನೆಯೇನಲ್ಲ. ಆದರೆ ಯಂತ್ರ ಕೊಳ್ಳಬೇಕಾದವನು ಮೂರು ವರ್ಷದ ಗುತ್ತಿಗೆ ಹಿಡಿದ ಕಂಪನಿ, ಉಳಿತಾಯವಾಗುವುದು ವಿಮಾನದ ಯಜಮಾನನಿಗೆ. ಇಲ್ಲಿಯೇ ಗಾಡಿ ಹೂತುಹೋಗುವುದು.

ಹೊಸ ವಿಮಾನಗಳು ಸಮಸ್ಯೆಗೆ ಇನ್ನೊಂದು ಮುಖ ಕೊಟ್ಟಿವೆ. ಬೋಯಿಂಗ್ 787ರ ತೂಕದಲ್ಲಿ ಅರ್ಧದಷ್ಟು ಇಂಗಾಲದ ನಾರಿನ ಕಾಂಪೋಸಿಟ್. ಅಲ್ಯೂಮಿನಿಯಂ ನೆಗ್ಗಿದರೆ ನೆಗ್ಗಿದೆ ಎಂದು ತೋರಿಸುತ್ತದೆ. ಕಾಂಪೋಸಿಟ್ ಗುದ್ದು ತಿಂದು ಮತ್ತೆ ಮೊದಲಿನ ಆಕಾರಕ್ಕೆ ಬರಬಹುದು, ಒಳಗಿನ ಪದರಗಳು ಮಾತ್ರ ಬಿಟ್ಟಿರಬಹುದು. ನಮ್ಮ ಕೊಡಗಿನ ಕಿತ್ತಳೆ ಮರದಿಂದ ಬಿದ್ದ ಹಾಗೆ: ಸಿಪ್ಪೆ ಚೆಂದ, ಸುಲಿದರೆ ತೊಳೆ ಮೆತ್ತಗೆ. ಇಂಥ ವಿಮಾನದ ಪಕ್ಕದಲ್ಲಿ ‘ನೋಡಿದೆ, ಏನೂ ಆಗಿಲ್ಲ’ ಎನ್ನುವ ಮಾತಿಗೆ ಬೆಲೆಯಿಲ್ಲ. ಅಲ್ಟ್ರಾಸೌಂಡ್ ಹಿಡಿದು ನೋಡಬೇಕು, ಎಲ್ಲಿ ಹಿಡಿಯಬೇಕೆಂದು ಗೊತ್ತಾಗಲು ಗುದ್ದಿದವನೇ ಬಂದು ಇಲ್ಲಿ ಎಂದು ಬೆರಳು ತೋರಿಸಬೇಕು.

ನಮ್ಮಲ್ಲಿ ಸುದ್ದಿಯಾಗುವುದು ನಗು ಬರಿಸುವಷ್ಟು ದೊಡ್ಡದಾದಾಗ ಮಾತ್ರ. 2025ರ ಏಪ್ರಿಲ್ 18ರಂದು ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ, ಇಂಜಿನ್ ರಿಪೇರಿಗೆಂದು ನಿಂತಿದ್ದ ಇಂಡಿಗೋ ವಿಮಾನದ ಅಡಿಗೆ ಟೆಂಪೋ ಟ್ರಾವೆಲರ್ ಹೋಗಿ ಸಿಕ್ಕಿಕೊಂಡಿತು. ಟೆಂಪೋದ ತಲೆ ಅಪ್ಪಚ್ಚಿಯಾದ ಫೋಟೋ ನಮ್ಮೆಲ್ಲರ ವಾಟ್ಸ್ಯಾಪಿಗೂ ಬಂತು. ಡ್ರೈವರ್ ತೂಕಡಿಸಿದ್ದ ಎಂದು ವರದಿಯಾಯಿತು. 2015ರ ಡಿಸೆಂಬರಿನಲ್ಲಿ ಕೋಲ್ಕತ್ತಾದಲ್ಲಿ ಜೆಟ್ ಏರ್‌ವೇಸಿನ ಬಸ್ಸು ನಿಂತಿದ್ದ ಏರ್ ಇಂಡಿಯಾ ಎಟಿಆರ್ ವಿಮಾನಕ್ಕೆ ನುಗ್ಗಿದಾಗಲೂ ನಿದ್ದೆಯ ಮಾತೇ ಬಂದಿತ್ತು. 2022ರ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ಗೋ ಫಸ್ಟ್ ವಿಮಾನ ಕಂಪನಿಯ ಸ್ವಿಫ್ಟ್ ಕಾರು ಇಂಡಿಗೋ ವಿಮಾನದ ಮೂತಿಯ ಕೆಳಗೆ ಹೋಗಿ, ಮುಂದಿನ ಚಕ್ರಕ್ಕೆ ಗುದ್ದುವುದು ಕೂದಲೆಳೆಯಲ್ಲಿ ತಪ್ಪಿತು. ಪೈಲಟ್ ದಿನಕ್ಕೆ ಎಷ್ಟು ಗಂಟೆ ದುಡಿಯಬಹುದು, ಎಷ್ಟು ಮಲಗಬೇಕು ಎಂದು ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ಗೆರೆ ಎಳೆದಿದೆ. ಅದೇ ವಿಮಾನದ ಪಕ್ಕ ಓಡಾಡುವ ಡ್ರೈವರಿನ ನಿದ್ದೆ ಅವನ ಗುತ್ತಿಗೆದಾರನ ಮರ್ಜಿ.

ಇನ್ನೊಂದು ವಿಚಿತ್ರವಿದೆ. ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ ಐಕಾವೋದ, ಜಗತ್ತೆಲ್ಲಾ ಪಾಲಿಸುವ 13ನೇ ಅನುಬಂಧದಲ್ಲಿ ವಿಮಾನ ‘ಅಪಘಾತ’ ಎಂದರೆ, ಹಾರುವ ಉದ್ದೇಶದಿಂದ ಯಾರಾದರೂ ಹತ್ತಿದ ಹೊತ್ತಿನಿಂದ ಎಲ್ಲರೂ ಇಳಿಯುವವರೆಗೆ ಆದದ್ದು. ಖಾಲಿ ನಿಂತ ವಿಮಾನಕ್ಕೆ ಟೆಂಪೋ ಗುದ್ದಿದರೆ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಆದ್ದರಿಂದ ಅಪಘಾತಗಳ ಪಟ್ಟಿ ನೋಡಿ ‘ನೆಲದ ಮೇಲೆ ಎಲ್ಲಾ ಸುಸೂತ್ರ’ ಎಂದುಕೊಂಡರೆ, ಪಟ್ಟಿಗೇ ಸೇರದ್ದನ್ನು ಪಟ್ಟಿಯಲ್ಲಿ ಹುಡುಕಿದ ಹಾಗಾಯಿತು.

ಕೊಡಗಿಗೆ ಇದರ ಬಿಸಿ ತಟ್ಟುವುದು ಬೇರೆ ದಾರಿಯಿಂದ. 2018ರ ಡಿಸೆಂಬರ್ 9ರಂದು ಮಟ್ಟನ್ನೂರಿನಲ್ಲಿ ಕಣ್ಣೂರು ನಿಲ್ದಾಣ ಶುರುವಾದ ಮೇಲೆ ದಕ್ಷಿಣ ಕೊಡಗಿನ ಗಲ್ಫ್ ಯಾತ್ರಿಕರಿಗೆ ಅದೇ ಮನೆಬಾಗಿಲು. ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ ಘಟ್ಟ, ಕೂಟುಪುಳ, ಇರಿಟ್ಟಿ ದಾಟಿ ಸುಮಾರು 60 ಕಿಲೋಮೀಟರ್. ರನ್‌ವೇ 3,050 ಮೀಟರ್, ದೊಡ್ಡ ವಿಮಾನವೂ ಇಳಿಯಬಹುದು. ಆದರೆ ವಿದೇಶಿ ಕಂಪನಿಗಳಿಗೆ ಅಲ್ಲಿ ಹಾರುವ ಪರವಾನಗಿ ಕೇಂದ್ರ ಕೊಟ್ಟಿರಲಿಲ್ಲ, 2023ರ ಮೇನಲ್ಲಿ ಗೋ ಫಸ್ಟ್ ಬಾಗಿಲು ಹಾಕಿದಾಗ ನಿಲ್ದಾಣಕ್ಕೆ ದೊಡ್ಡ ಪೆಟ್ಟಾಯಿತು. ಕಂಪನಿ ಕಡಿಮೆ, ವಿಮಾನ ಕಡಿಮೆ ಇರುವ ಇಂಥ ನಿಲ್ದಾಣದಲ್ಲಿ ಒಂದು ವಿಮಾನ ‘ಎಒಜಿ’ ಆಯಿತೆಂದರೆ, ಅಂದರೆ ನೆಲಕ್ಕೆ ಕಟ್ಟಿಹಾಕಿದಂತಾದರೆ, ಬದಲಿ ತರಿಸಲು ಬೇರೆ ಊರೇ ಗತಿ. ಆ ವಿಮಾನ ಮಾಡಬೇಕಿದ್ದ ಮುಂದಿನ ಎರಡು, ಮೂರು ಹಾರಾಟಗಳೂ ಸಾಲಾಗಿ ತಡ. ಬೀಳ್ಕೊಡಲು ಬಂದ ಮನೆಯವರು ಅಷ್ಟರಲ್ಲಿ ಘಟ್ಟ ಹತ್ತಿಯಾಗಿರುತ್ತದೆ. ಮಳೆಗಾಲದ ರಾತ್ರಿ ಮಾಕುಟ್ಟದಲ್ಲಿ ಮತ್ತೆ ಇಳಿದು ಬನ್ನಿ ಎಂದು ಯಾರಿಗೆ ಹೇಳುವುದು? 2018ರಲ್ಲಿ ಆ ರಸ್ತೆ ಗುಡ್ಡ ಕುಸಿದು ಮುಚ್ಚಿಹೋಗಿದ್ದನ್ನು ನೋಡಿದವರು ನಾವು.

ಹಾಗಾದರೆ ತಡಕ್ಕೆ ಪರಿಹಾರ? ನಮ್ಮ ನಿಯಮದಲ್ಲಿ ಊಟ, ತಿಂಡಿ ಉಂಟು, ಆರು ಗಂಟೆ ಮೀರಿದರೆ ಬದಲಿ ವಿಮಾನ ಅಥವಾ ದುಡ್ಡು ವಾಪಸ್. ಯುರೋಪಿನಲ್ಲಿ ದುಡ್ಡಿನ ಪರಿಹಾರವೂ ಇದೆ, ಅಸಾಧಾರಣ ಕಾರಣವಿದ್ದರೆ ಮಾತ್ರ ವಿನಾಯಿತಿ. 2014ರ ನವೆಂಬರಿನಲ್ಲಿ ಕಾಂಡೋರ್ ವಿಮಾನ ಕಂಪನಿಯ ಪ್ರಕರಣದಲ್ಲಿ ಅಲ್ಲಿನ ನ್ಯಾಯಾಲಯ ಸ್ಪಷ್ಟವಾಗಿ ಹೇಳಿತು: ಏಣಿ ಬಂದು ವಿಮಾನಕ್ಕೆ ಗುದ್ದುವುದು ಅಸಾಧಾರಣವಲ್ಲ, ವಿಮಾನ ನಡೆಸುವ ದಿನನಿತ್ಯದ ಕೆಲಸದ ಭಾಗ. ಪ್ರಯಾಣಿಕನಾಗಿ ನನಗೆ ಈ ತೀರ್ಪು ಇಷ್ಟ. ಆದರೆ ಇದರಲ್ಲೊಂದು ಮುಳ್ಳಿದೆ. ಪ್ರತಿ ಗೀರಿಗೂ ಕಂಪನಿ ತಲೆಗಿಷ್ಟು ಕಟ್ಟಬೇಕಾದರೆ, ಆ ಬಿಸಿ ಕೊನೆಗೆ ಹಸಿರು ಜಾಕೆಟ್ಟಿನ ಹುಡುಗನ ಬೆನ್ನಿಗೇ ಇಳಿಯುತ್ತದೆ. ಅವನು ಸುಮ್ಮನಿದ್ದರೆ ಎಲ್ಲರಿಗೂ ಲಾಭ, ವಿಮಾನವೂ ವೇಳೆಗೆ ಹೊರಟಂತಾಯಿತು.

ಪೈಲಟ್‌ಗಳ ವಿಷಯದಲ್ಲಿ ಈ ಗಂಟನ್ನು ವಿಮಾನಯಾನ ಲೋಕ ಬಹುಮಟ್ಟಿಗೆ ಬಿಡಿಸಿಕೊಂಡಿದೆ. ಬೇಕೆಂದೇ ಮಾಡಿದ್ದಲ್ಲದ ತಪ್ಪನ್ನು ತಾನಾಗಿ ಬಂದು ಹೇಳಿದವನನ್ನು ಶಿಕ್ಷಿಸಬಾರದು ಎಂಬುದು ಅಲ್ಲಿ ಒಪ್ಪಿತ ನಡೆ, ‘ಜಸ್ಟ್ ಕಲ್ಚರ್’ ಎನ್ನುತ್ತಾರೆ. ರಾಂಪಿನಲ್ಲಿ ಲಗೇಜು ತುಂಬುವ ಕೆಲಸಗಾರನಿಗೆ, ಅಂದರೆ ಲೋಡರಿಗೆ, ಅದು ಪೋಸ್ಟರಿನ ಮೇಲಿದೆ, ಸಂಬಳದ ಚೀಟಿಯಲ್ಲಿಲ್ಲ. ಬಹುಕಾಲ ಈ ನೆಲದ ಕೆಲಸವನ್ನು ವಿಮಾನಯಾನದ ಸುರಕ್ಷತಾ ಕಾನೂನು ನೇರವಾಗಿ ಮುಟ್ಟುತ್ತಲೇ ಇರಲಿಲ್ಲ, ಎಲ್ಲವೂ ಕಂಪನಿ ಕಂಪನಿಗಳ ಕರಾರು. ಯುರೋಪಿಯನ್ ಒಕ್ಕೂಟ 2025ರಲ್ಲಿ ಈ ನೆಲದ ಕೆಲಸಕ್ಕೇ, ಅಂದರೆ ಗ್ರೌಂಡ್ ಹ್ಯಾಂಡ್ಲಿಂಗಿಗೇ, ಪ್ರತ್ಯೇಕ ಸುರಕ್ಷತಾ ನಿಯಮ ತಂದಿತು, 2028ರ ಮಾರ್ಚ್‌ನಿಂದ ಜಾರಿ. ತರಬೇತಿ, ಯಂತ್ರಗಳ ನಿರ್ವಹಣೆ, ಘಟನೆಗಳ ವರದಿ ಎಲ್ಲವೂ ಅದರಡಿ ಬರುತ್ತವೆ. ನಮ್ಮಲ್ಲಿ ಗ್ರೌಂಡ್ ಹ್ಯಾಂಡ್ಲಿಂಗ್ ಎಂಬ ಪದ ಟಿವಿ ಚರ್ಚೆಗೆ ಬಂದದ್ದು 2025ರ ಮೇನಲ್ಲಿ ಈ ಕೆಲಸ ಮಾಡುತ್ತಿದ್ದ ಟರ್ಕಿ ಮೂಲದ ಸೆಲೆಬಿ ಕಂಪನಿಯ ಭದ್ರತಾ ಅನುಮತಿ ರದ್ದಾದಾಗ. ಅದು ರಾಜತಾಂತ್ರಿಕ ಸಿಟ್ಟಿನ ಕಥೆ. ಬೆಲ್ಟ್ ಲೋಡರಿಗೆ ಸೆನ್ಸರ್ ಇದೆಯೇ, ಡ್ರೈವರು ಎಷ್ಟು ಗಂಟೆ ಮಲಗಿದ್ದ ಎಂಬ ಪ್ರಶ್ನೆ ಆ ಗದ್ದಲದಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ರಾತ್ರಿ ಒಂಬತ್ತೂವರೆಗೆ ನಮ್ಮನ್ನು ಅದೇ ವಿಮಾನಕ್ಕೆ ಮತ್ತೆ ಹತ್ತಿಸಿದರು. ತಗ್ಗು ಮಿತಿಯೊಳಗಿದೆ, ಚಾರ್ಟಿನಲ್ಲಿ ಬರೆದಾಯಿತು, ಇಂಜಿನಿಯರ್ ಸಹಿ ಹಾಕಿದ್ದಾರೆ ಎಂದು ಕ್ಯಾಪ್ಟನ್ ಮೈಕಿನಲ್ಲಿ ಹೇಳಿದರು. ನೀರು ಕೊಡಲು ಬಂದ ಗಗನಸಖಿಯನ್ನು, ಇದು ಗೊತ್ತಾದದ್ದು ಹೇಗೆ ಎಂದು ಕೇಳಿದೆ.

‘ಲೋಡರೇ ಬಂದು ಹೇಳಿದ ಸರ್.’

ನಾಪೋಕ್ಲಿನ ಹಿರಿಯರು ನನ್ನ ಹಿಂದಿನ ಸಾಲಿನಲ್ಲಿದ್ದರು. ಬೆಲ್ಟ್ ಎಳೆದು ಹಾಕಿಕೊಳ್ಳುತ್ತಾ, ‘ಪಾಪ, ಅವ್ನ ಕೆಲ್ಸ ಹೋಯ್ತು ಬಿಡಿ’ ಅಂದರು. ಇಲ್ಲ ಅಂತ ಯಾರೂ ಹೇಳಲಿಲ್ಲ. ಕೆಳಗೆ ಯಾರೋ ಕೋನ್‌ಗಳನ್ನು ಒಂದರೊಳಗೊಂದು ಪೇರಿಸಿಕೊಂಡು ದೀಪದ ಕಂಬದ ಕಡೆ ನಡೆದು ಹೋಗುತ್ತಿದ್ದ. ಅವನೇನಾ ಎಂದು ಕಿಟಕಿಗೆ ಹಣೆ ಒತ್ತಿ ನೋಡಿದೆ, ಗೊತ್ತಾಗಲಿಲ್ಲ. ಜಾಕೆಟ್ಟು ಎಲ್ಲರದ್ದೂ ಹಸಿರೇ.